ಜ್ವರ ಬಿಟ್ಟ ಮೇಲೆ

ಕನ್ನಡದಲ್ಲಿ ಜ್ವರ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಬಿಡುತ್ತದೆ. ಕೊನೆಯ ಕ್ರಿಯಾಪದ ಮೇಲುನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ಹಿಡಿದುಕೊಂಡಿದ್ದದ್ದು ಕೈಬಿಟ್ಟು ಹೊರಟಿತೆಂಬ ಕಲ್ಪನೆ ಅದರಲ್ಲಿದೆ. ಬಿಟ್ಟುಹೋದ ಮೈಯಲ್ಲಿ ಏನು ಉಳಿಯಿತೆಂಬುದನ್ನು ಅದು ಹೇಳುವುದಿಲ್ಲ. ಆ ಉಳಿಕೆಯನ್ನು ಹೇಳಲು ಆಡುಮಾತಿನವರು ಬೇರೆ ಪದಗಳನ್ನು ಬಳಸುತ್ತಾರೆ. ಕಾಯಿಲೆಯಾದವನು 'ಹುಷಾರಿಲ್ಲ' ಎನ್ನುತ್ತಾನೆ, ಗುಣವಾದವನು 'ಹುಷಾರಾದೆ' ಎನ್ನುತ್ತಾನೆ. ಪಾರಸಿ ಮೂಲದ ಈ 'ಹುಷಾರು' ಎಂಬುದಕ್ಕೆ ಎಚ್ಚರ, ಜಾಗೃತಿ ಎಂಬುದೇ ಮೊದಲ ಅರ್ಥ. ದೇಹದ ಅಸ್ವಾಸ್ಥ್ಯವನ್ನು ಎಚ್ಚರದ ಕೊರತೆಯೆಂದು ಹೇಳುವ ಈ ರೂಢಿಯನ್ನು ಯಾರೂ ಗಮನಿಸಿ ಬಳಸುವುದಿಲ್ಲ. 'ಸುಸ್ತು' ಎಂಬುದೂ ಅದೇ ದಾರಿಯಲ್ಲಿ ಬಂದ ಪದ. ಸಡಿಲವಾದುದು, ಜಡವಾದುದು ಎಂಬುದು ಅದರ ಮೂಲಾರ್ಥ. ನಮ್ಮದೇ ಆದ ಬಳಲಿಕೆ, ದಣಿವು, ಸೋಲು ಎಂಬ ಮಾತುಗಳು ಇದ್ದೇ ಇವೆ. ಕಾಲು ಸೋತವು, ಕೈ ಸೋತಿತು ಎನ್ನುವಲ್ಲಿ ಅವಯವಗಳು ಯಾವುದೋ ಯುದ್ಧ ಮಾಡಿ ಬಂದಂತಿದೆ.

ಈ ಪದಗಳ ನಡುವಿನ ವ್ಯತ್ಯಾಸ ನಿಘಂಟಿನ ವಿಷಯ ಮಾತ್ರವಲ್ಲವೆಂಬುದು ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಹೇಳುವ ಅಧ್ಯಾಪಕಿಯೊಬ್ಬರಿಗೆ 2021ರ ನಂತರ ದಿನನಿತ್ಯದ ಅನುಭವವಾಯಿತು. ಆಗ ಅವರಿಗೆ 52 ವರ್ಷ. ಆ ಮೇ ತಿಂಗಳಿನ ಮೊದಲ ವಾರದಲ್ಲಿ ಕರ್ನಾಟಕದಲ್ಲಿ ಕೊರೋನಾ ದೃಢಪಟ್ಟವರ ಸಂಖ್ಯೆ ದಿನವೊಂದಕ್ಕೆ 50 ಸಾವಿರವನ್ನು ದಾಟಿತ್ತು. ಅವರು ಆಸ್ಪತ್ರೆ ಸೇರಬೇಕಾಗಲಿಲ್ಲ. ಮನೆಯ ಮಹಡಿಯ ಕೋಣೆಯಲ್ಲಿ 11 ದಿನ ಜ್ವರ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 94, 95ರ ನಡುವೆ ತೂಗಾಡುವ ಅಂಕಿ, ಬಾಗಿಲ ಹೊರಗಿಟ್ಟು ಹೋಗುವ ಗಂಜಿಯ ಪಾತ್ರೆ. ಹದಿನೇಳನೆಯ ದಿನ ಕೆಳಗಿಳಿದು ಬಂದಾಗ ಮನೆಯವರೆಲ್ಲ ಪುಣ್ಯ ಎಂದರು. ಅದು ನಿಜವೇ ಆಗಿತ್ತು. ಅದೇ ಬೀದಿಯಲ್ಲಿ ಇಬ್ಬರು ತೀರಿಹೋಗಿದ್ದರು. ಸಾವು ಅಷ್ಟು ಹತ್ತಿರದಿಂದ ಹಾದುಹೋದ ಮೇಲೆ ಸುಸ್ತೆಂದು ಹೇಳಿಕೊಳ್ಳುವುದು ಅಸಭ್ಯವೆಂದು ಅವರಿಗೆ ತೋರಿತು. ಮೊದಲ ಎರಡು ತಿಂಗಳು ಅವರು ಸುಮ್ಮನಿದ್ದುದಕ್ಕೆ ಇದೇ ಮುಖ್ಯ ಕಾರಣ. ಬದುಕುಳಿದವರ ನರಳಿಕೆಯ ಬಗ್ಗೆ ನಮ್ಮಲ್ಲಿ ಬರಹ ಕಡಿಮೆಯಿರುವುದಕ್ಕೂ ಬಹುಶಃ ಇಂಥದೇ ಸಂಕೋಚ ಕಾರಣವಿರಬೇಕು.

ಉಳಿದದ್ದು ಏನು? ಹತ್ತು ಮೆಟ್ಟಿಲು ಹತ್ತಿದರೆ ಎದೆಬಡಿತ ಕಿವಿಗೆ ಕೇಳಿಸುತ್ತಿತ್ತು. ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಮಲಗಬೇಕೆನಿಸುತ್ತಿತ್ತು. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದರೂ ಬೆಳಗ್ಗೆ ಎದ್ದಾಗ ನಿದ್ದೆ ಮಾಡಿದ ಗುರುತೇ ಇರುತ್ತಿರಲಿಲ್ಲ. ಇವನ್ನೆಲ್ಲ ವಯಸ್ಸಿನ ಮೇಲೆ ಹಾಕಬಹುದಿತ್ತು. ಹಾಗೆ ಹಾಕಲಾಗದ ಸಂಗತಿ ತರಗತಿಯಲ್ಲಿ ಪ್ರಕಟವಾಯಿತು. ಜುಲೈ ತಿಂಗಳಲ್ಲಿ ಪಾಠಗಳು ಇನ್ನೂ ಮೊಬೈಲಿನ ಮೂಲಕವೇ ನಡೆಯುತ್ತಿದ್ದವು. ಅಂದಿನ ಪಾಠ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ. ಆ ಗದ್ಯದ ನಡೆ ಬಲ್ಲವರಿಗೆ ಗೊತ್ತಿರುವಂತೆ, ಅಲ್ಲಿ ವಾಕ್ಯ ಸುಲಭವಾಗಿ ಮುಗಿಯುವುದಿಲ್ಲ. ಮಾಡಿ, ಹೋಗಿ, ಕಂಡು, ಕೇಳಿ ಎಂದು ಅಪೂರ್ಣಕ್ರಿಯೆಗಳು ಒಂದರ ಬೆನ್ನಿಗೊಂದು ಸಾಗುತ್ತವೆ. ಕರ್ತೃವನ್ನೂ ನಡುವಿನ ಎಲ್ಲ ಕೆಲಸಗಳನ್ನೂ ಮನಸ್ಸಿನಲ್ಲಿ ಹಿಡಿದುಕೊಂಡೇ ಕೊನೆಯ ಕ್ರಿಯಾಪದದವರೆಗೆ ನಡೆಯಬೇಕು. ಮೂವತ್ತು ವರ್ಷ ಈ ಪಾಠ ಹೇಳಿದವರಿಗೆ ಅದು ಉಸಿರಾಟದಷ್ಟು ಸಹಜವಾಗಿತ್ತು. ಅಂದು ವಾಕ್ಯದ ಮಧ್ಯದಲ್ಲಿ ಕರ್ತೃ ಯಾರೆಂಬುದೇ ಕೈಜಾರಿತು. ಹಿಂದಕ್ಕೆ ಹೋಗಿ ಮತ್ತೆ ಆರಂಭಿಸಿದರು; ಅದೇ ಜಾಗದಲ್ಲಿ ಮತ್ತೆ ಕತ್ತಲೆ. ಪುಸ್ತಕ ಕಣ್ಣೆದುರು ತೆರೆದೇ ಇತ್ತು. ಅಕ್ಷರಗಳು ಕಾಣುತ್ತಿದ್ದವು, ಪದಗಳ ಅರ್ಥವೂ ತಿಳಿಯುತ್ತಿತ್ತು. ಅವುಗಳನ್ನು ಕಟ್ಟಿ ಹಿಡಿಯುವ ದಾರ ಮಾತ್ರ ಇರಲಿಲ್ಲ. ಅರ್ಧ ನಿಮಿಷದ ಮೌನದ ನಂತರ ವಿದ್ಯಾರ್ಥಿನಿಯೊಬ್ಬಳ ದನಿ ಕೇಳಿಸಿತು: "ಮೇಡಂ, ನೆಟ್‌ವರ್ಕ್ ಹೋಯ್ತಾ?" ಹೌದು ಎಂದು ಹೇಳಿ ಅವರು ತರಗತಿಯನ್ನು ಮುಗಿಸಿದರು.

ಆ ಕಥೆಯ ಸುಕುಮಾರ ಮೈಮೇಲೆ ಬಿದ್ದ ಸಾಸಿವೆಕಾಳು ಒತ್ತಿದರೂ ಸಹಿಸಲಾರದವನು, ಆರತಿಯ ದೀಪದ ಬೆಳಕಿಗೆ ಕಣ್ಣೀರು ಸುರಿಸುವವನು. ಅವನನ್ನು ನೋಡಲು ಬಂದ ಅರಸನು ಇವು ರೋಗಲಕ್ಷಣಗಳೆಂದೇ ತಿಳಿಯುತ್ತಾನೆ. ತಾಯಿ ಅದು ರೋಗವಲ್ಲ, ಸೌಕುಮಾರ್ಯವೆಂದು ವಿವರಿಸುತ್ತಾಳೆ. ಅಧ್ಯಾಪಕಿಯ ಪ್ರಕರಣದಲ್ಲಿ ಇದು ತಿರುವುಮುರುವಾಯಿತು. ರೋಗವನ್ನು ಇತರರು ಸೌಕುಮಾರ್ಯವೆಂದು ಭಾವಿಸಿದರು. ರಕ್ತಪರೀಕ್ಷೆ, ಎದೆಯ ಸಿ.ಟಿ., ಇ.ಸಿ.ಜಿ., ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಿವೆಯೆಂದು ವರದಿಗಳು ಬಂದವು. ವೈದ್ಯರು 'ವೀಕ್‌ನೆಸ್' ಎಂದು ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು. ಸಹೋದ್ಯೋಗಿಗಳು ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ ಎಂದರು. ಮನೆಯಲ್ಲಿ ಅತ್ತೆಯವರೂ ಮೊದಮೊದಲು, "ಜ್ವರ ಬಿಟ್ಟು ಎರಡು ತಿಂಗಳಾಯ್ತಲ್ಲಮ್ಮ, ಇನ್ನೂ ಎಂಥ ಸುಸ್ತು?" ಎಂದದ್ದುಂಟು.

ಅತ್ತೆಯವರ ಅಭಿಪ್ರಾಯ ಬದಲಾದದ್ದು ಅವರದೇ ನೆನಪಿನಿಂದ. 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಚಿಕೂನ್‌ಗುನ್ಯ ಹರಡಿತ್ತು. ಇಂದಿನ ವಿದ್ಯಾರ್ಥಿಗಳಿಗೆ ಆ ವರ್ಷದ ನೆನಪಿರಲಾರದು. ದೇಶದಲ್ಲಿ ಆ ವರ್ಷ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು, ಎಂದರೆ ಏಳು ಲಕ್ಷವನ್ನು ಮೀರಿದವು, ಕರ್ನಾಟಕ ಒಂದರಲ್ಲೇ ಇದ್ದವು. ಜನ ಅದನ್ನು 'ಚಿಕನ್ ಗುನ್ಯ' ಎಂದು ಕರೆದು ಕೋಳಿಮಾಂಸ ತಿನ್ನುವುದನ್ನು ಬಿಟ್ಟರು. ಕೋಳಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಪದ. 1952–53ರಲ್ಲಿ ಟಾಂಗನೀಕದ, ಇಂದಿನ ಟಾಂಜಾನಿಯದ, ದಕ್ಷಿಣ ಭಾಗದಲ್ಲಿ ಈ ಜ್ವರ ಕಾಣಿಸಿಕೊಂಡಾಗ ಕೀಲುನೋವಿನಿಂದ ಬಾಗಿಹೋದವರನ್ನು ಕಂಡು ಅಲ್ಲಿಯ ಜನ ಇಟ್ಟ ಹೆಸರು. ಬಾಗಿಸುವಂಥದು ಎಂಬ ಅರ್ಥ. ರೋಗಿಯ ಮೈಯ ಭಂಗಿಯೇ ರೋಗದ ಹೆಸರಾದ ಉದಾಹರಣೆಗಳು ವಿರಳ, ಮತ್ತು ಆ ಹೆಸರನ್ನು ಕೊಟ್ಟವರು ವೈದ್ಯರಲ್ಲ. ಅತ್ತೆಯವರಿಗೆ ಆಗ ಜ್ವರವಿದ್ದದ್ದು ನಾಲ್ಕು ದಿನ. ರೊಟ್ಟಿ ತಟ್ಟಲು, ಸೀರೆಯ ನೆರಿಗೆ ಹಿಡಿಯಲು, ಬಾವಿಯ ಹಗ್ಗ ಎಳೆಯಲು ಬೆರಳುಗಳು ಒಪ್ಪದೆ ಇದ್ದದ್ದು ಹನ್ನೊಂದು ತಿಂಗಳು. ಒಂದು ಸಂಜೆ ಸೊಸೆ ಮೆಟ್ಟಿಲ ಮಧ್ಯದಲ್ಲಿ ಕುಳಿತುಬಿಟ್ಟದ್ದನ್ನು ಕಂಡು, "ನನ್ನ ಕೈ ಬಗ್ಗದೇ ಇದ್ದಾಗ ನಿನ್ನ ಮಾವನೂ ನಂಬಿರಲಿಲ್ಲ" ಎಂದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸುಸ್ತಿನ ಬಗ್ಗೆ ಪ್ರಶ್ನೆಗಳು ನಿಂತವು. ವರದಿಗಳು ಮಾಡಲಾಗದ ಕೆಲಸವನ್ನು ಆ ಒಂದು ಮಾತು ಮಾಡಿತು.

ಕೊರೋನಾದ ಈ ಉಳಿಕೆಗೆ ಹೆಸರು ಬಂದ ಬಗೆಯೂ ಅದೇ ಜಾತಿಯದು. 'ಲಾಂಗ್ ಕೋವಿಡ್' ಎಂಬ ಪದವನ್ನು 2020ರ ಮೇ ತಿಂಗಳಲ್ಲಿ ಮೊದಲು ಬಳಸಿದವರು ಇಟಲಿಯ ಎಲಿಸಾ ಪೆರೆಗೊ. ಅವರು ಪುರಾತತ್ತ್ವಜ್ಞೆ, ಸ್ವತಃ ರೋಗಿ. ಅವರು ಟ್ವಿಟರಿನಲ್ಲಿ ಬರೆದ ಮಾತನ್ನು ಹಲವು ದೇಶಗಳ ರೋಗಿಗಳು ಎತ್ತಿಕೊಂಡರು. ವೈದ್ಯಶಾಸ್ತ್ರ ಅದನ್ನು ಅವರಿಂದ ಕಲಿಯಿತು. ವಿಶ್ವ ಆರೋಗ್ಯ ಸಂಸ್ಥೆ ಅಧಿಕೃತ ವ್ಯಾಖ್ಯೆಯನ್ನು ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ: ಸಾಮಾನ್ಯವಾಗಿ ಸೋಂಕಿನ ಆರಂಭದಿಂದ ಮೂರು ತಿಂಗಳಲ್ಲಿ ಕಾಣಿಸುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ರೋಗನಿದಾನದಿಂದ ವಿವರಿಸಲಾಗದ ಲಕ್ಷಣಗಳು; ಬಳಲಿಕೆ, ಉಸಿರಾಟದ ತೊಂದರೆ, ಚಿಂತನಶಕ್ತಿಯ ಕುಂದು ಅವುಗಳಲ್ಲಿ ಪ್ರಮುಖವಾದವು. ಕಾರಣದ ಬಗ್ಗೆ ಹಲವು ಊಹೆಗಳಿವೆ. ವೈರಾಣುವಿನ ಅವಶೇಷಗಳು ದೇಹದಲ್ಲಿ ಉಳಿದಿರಬಹುದು, ರೋಗನಿರೋಧಕ ವ್ಯವಸ್ಥೆ ಶಾಂತವಾಗದೆ ಇರಬಹುದು, ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ನಾವು ಅರಿಯದಂತೆಯೇ ನಿಯಂತ್ರಿಸುವ ನರಗಳು ದಾರಿ ತಪ್ಪಿರಬಹುದು. ಯಾವುದೂ ಅಂತಿಮವಾಗಿ ಇತ್ಯರ್ಥವಾಗಿಲ್ಲ. 'ಎಲ್ಲ ಸರಿಯಿದೆ' ಎನ್ನುವ ವರದಿಗೆ, ಅಳೆಯಲು ಹೊರಟದ್ದು ಸರಿಯಿದೆ ಎಂಬುದಷ್ಟೇ ಅರ್ಥ.

ಗುಣವಾಗುವುದಕ್ಕೂ ಒಂದು ಕಾಲ ಬೇಕೆಂಬುದನ್ನು ಹಿಂದಿನವರು ತಿಳಿದಿದ್ದರೇ? ತಿಳಿದಿದ್ದರೆಂದೇ ಹೇಳಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಜ್ವರಚಿಕಿತ್ಸೆಗೆ ಮೀಸಲು. ಜ್ವರ ಬಿಟ್ಟವನು ಬಲ ಬರುವವರೆಗೆ ವ್ಯಾಯಾಮ, ಸ್ತ್ರೀಸಂಗ, ಸ್ನಾನ, ಅಡ್ಡಾಟಗಳನ್ನು ಸೇವಿಸಕೂಡದೆಂದೂ, ಬಲ ಕೂಡುವ ಮೊದಲೇ ಸೇವಿಸಿದರೆ ಜ್ವರ ಮರಳುವುದೆಂದೂ ಅಲ್ಲಿ ಹೇಳಿದೆ. ಇಲ್ಲಿ ಗಮನಿಸಬೇಕಾದದ್ದು ದಿನಗಳ ಲೆಕ್ಕವಿಲ್ಲದಿರುವುದು. ಅವಧಿಯನ್ನು ನಿರ್ಣಯಿಸುವುದು ಬಲ, ಪಂಚಾಂಗವಲ್ಲ. ಹದಿನೇಳು ದಿನವಾದ ಕೂಡಲೇ ಕೆಲಸಕ್ಕೆ ಯೋಗ್ಯರೆಂದು ಬರೆದುಕೊಡುವ ನಮ್ಮ ಕಾಲದ ಪ್ರಮಾಣಪತ್ರಕ್ಕಿಂತ ಇದು ಹೆಚ್ಚು ವಿವೇಕದ ಮಾತು. ಹಾಗೆಂದು ಇಂದಿನ ಎಲ್ಲವೂ ಅಂದೇ ಇತ್ತೆನ್ನುವ ವಾದಕ್ಕೆ ಇದನ್ನು ಎಳೆಯಬೇಕಾಗಿಲ್ಲ. ಚರಕನ ಮುಂದಿದ್ದದ್ದು ಈ ವೈರಾಣುವಲ್ಲ. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ: ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ, ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ. ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ 'ಶಾಸ್ತ್ರಸಾಹಿತ್ಯ' ಎಂಬ ತಲೆಬರಹದ ಕೆಳಗೆ ಇವುಗಳ ಹೆಸರು, ಕಾಲ, ಕರ್ತೃಗಳನ್ನು ಬರೆಸಿ ಮುಂದೆ ಹೋಗುವುದು ವಾಡಿಕೆ. ಈ ಅಧ್ಯಾಪಕಿಯೂ ಹಾಗೆಯೇ ಬರೆಸುತ್ತ ಬಂದವರು. ಮಲಗಿದ ತಿಂಗಳುಗಳಲ್ಲಿ ಅವನ್ನು ರೋಗಿಯ ಕಣ್ಣಿನಿಂದ ಓದಬೇಕೆನಿಸಿತು. ಓದುವ ಶಕ್ತಿ ಮಾತ್ರ ಇರಲಿಲ್ಲ.

ನಮ್ಮ ಸಮಾಜಕ್ಕೆ ಚೇತರಿಕೆಯ ಶಿಸ್ತು ತಿಳಿಯದ್ದೇನೂ ಅಲ್ಲ. ಬಾಣಂತನ ಎಂಬುದು ಮತ್ತೇನು? ಹೆರಿಗೆಯಾದವಳು ಗಾಳಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು, ಭಾರ ಎತ್ತಬಾರದು, ಇಂಥದ್ದೇ ತಿನ್ನಬೇಕು; ತಿಂಗಳುಗಟ್ಟಲೆ ಅವಳ ವಿಶ್ರಾಂತಿಗೆ ಇಡೀ ಮನೆ ಕಾವಲು. ಕೆಲವು ನಿಯಮಗಳು ಅತಿಯಾದವು ಎನ್ನಬಹುದು. ಆದರೆ ವಿಶ್ರಾಂತಿಯನ್ನು ಕೇಳಿ ಪಡೆಯಬೇಕಾದ ದೈನ್ಯ ಬಾಣಂತಿಗಿಲ್ಲ, ಅದು ಅವಳ ಹಕ್ಕು. ಜ್ವರ ಬಿಟ್ಟವರಿಗೆ ಅಂಥ ಹಕ್ಕೂ ಇಲ್ಲ, ಅದಕ್ಕೊಂದು ಹೆಸರೂ ಇಲ್ಲ.

ಆಗಸ್ಟಿನಲ್ಲಿ ಮೌಲ್ಯಮಾಪನದ ಆದೇಶ ಬಂದಿತು. ಎರಡು ದಿನ ಅವರು ಹಟದಿಂದ ಎಲ್ಲರಷ್ಟೇ ಉತ್ತರಪತ್ರಿಕೆಗಳನ್ನು ನೋಡಿದರು, ಮೂರು ಅಂತಸ್ತು ಹತ್ತಿಳಿದರು. ಆ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಆ ಸ್ಥಿತಿ ಒಂಬತ್ತು ದಿನ ಮುಂದುವರಿಯಿತು. ಶ್ರಮದ ಫಲ ಒಂದೆರಡು ದಿನ ತಡವಾಗಿ ಬಂದೆರಗುವುದು ಈ ಬಗೆಯ ವೈರಾಣೋತ್ತರ ಬಳಲಿಕೆಯ ವಿಶಿಷ್ಟ ಲಕ್ಷಣ. ದಿನದಿಂದ ದಿನಕ್ಕೆ ವ್ಯಾಯಾಮವನ್ನು ಹೆಚ್ಚಿಸುತ್ತ ಹೋದರೆ ಇಂಥ ಬಳಲಿಕೆ ಕರಗುವುದೆಂದು ಬ್ರಿಟನ್ನಿನ ವೈದ್ಯವ್ಯವಸ್ಥೆ ಬಹುಕಾಲ ನಂಬಿತ್ತು. ದೀರ್ಘಕಾಲದ ಬಳಲಿಕೆಯ ರೋಗಿಗಳಿಗೆ ಆ ಕ್ರಮವನ್ನು ಸೂಚಿಸಬಾರದೆಂದು ಅಲ್ಲಿಯ ರಾಷ್ಟ್ರೀಯ ಮಾರ್ಗಸೂಚಿ ಹೇಳಿದ್ದು 2021ರ ಅಕ್ಟೋಬರಿನಲ್ಲಿ, ರೋಗಿಗಳು ವರ್ಷಗಟ್ಟಲೆ ದೂರಿದ ನಂತರ. ಈಗ ಹೇಳುವ ಮಾರ್ಗ, ಇರುವ ಶಕ್ತಿಯ ಗಡಿಯೊಳಗೆ ದಿನವನ್ನು ಹಂಚಿಕೊಂಡು ನಡೆಯುವುದು. ಬೆಂಗಳೂರಿನ ವೈದ್ಯೆಯೊಬ್ಬರು ಫೋನಿನಲ್ಲಿ ಇದನ್ನೇ ವಿವರಿಸಿದಾಗ ಅಧ್ಯಾಪಕಿಗೆ ಅದು ಕೂಡಲೇ ಅರ್ಥವಾದದ್ದು ಛಂದಸ್ಸಿನ ಮೂಲಕ. ಕಂದಪದ್ಯಕ್ಕೆ 12, 20, 12, 20 ಎಂದು ಒಟ್ಟು 64 ಮಾತ್ರೆಗಳು. ಒಂದು ಮಾತ್ರೆ ಹೆಚ್ಚಾದರೂ ಪದ್ಯ ಕೆಡುತ್ತದೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅವರು ದಿನಕ್ಕೆ 64 ಮಾತ್ರೆಗಳ ಲೆಕ್ಕವಿಟ್ಟರು. ಸ್ನಾನಕ್ಕೆ ಎಂಟು, ಮಹಡಿ ಹತ್ತಿದರೆ ನಾಲ್ಕು, ಒಂದು ತರಗತಿಗೆ ಇಪ್ಪತ್ತು, ಬಂದವರೊಡನೆ ಮಾತಿಗೆ ಎಂಟು. ಮಾತಿಗೆ ಇಷ್ಟು ಖರ್ಚಾಗುತ್ತದೆಂಬುದು ಅವರಿಗೂ ಹೊಸ ವಿಷಯ. ಗುಳಿಗೆಯ ಮಾತ್ರೆಗಳು ಮಾಡದ ಉಪಕಾರವನ್ನು ಈ ಮಾತ್ರೆಗಳು ಮಾಡಿದವೆಂದು ಅವರು ಹೇಳುವುದುಂಟು. ಡಿಸೆಂಬರಿನ ಹೊತ್ತಿಗೆ ಹಾಸಿಗೆ ಹಿಡಿಯುವ ದಿನಗಳು ತಿಂಗಳಿಗೆ ಒಂದೆರಡಕ್ಕೆ ಇಳಿದವು.

ಘ್ರಾಣದ ಕಥೆ ಬೇರೆಯದೇ. ಜ್ವರದ ಮೂರನೆಯ ದಿನ ವಾಸನೆ ಪೂರ್ತಿ ಹೋಗಿತ್ತು. ಆಗಸ್ಟಿನಲ್ಲಿ ಅದು ಮರಳಿತು, ಆದರೆ ವಿಕಾರಗೊಂಡು. ಕಾಫಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಾಫಿ ಸುಟ್ಟ ರಬ್ಬರಿನಂತೆ ನಾರತೊಡಗಿತು. ಒಗ್ಗರಣೆ ಹಾಕಿದರೆ ಅಡುಗೆಮನೆಯಿಂದ ಹೊರಗೆ ಓಡಬೇಕು. ವೈರಾಣು ಮುಖ್ಯವಾಗಿ ಹಾಳುಮಾಡುವುದು ಮೂಗಿನೊಳಗಿನ ಘ್ರಾಣನರಗಳನ್ನಲ್ಲ, ಅವುಗಳಿಗೆ ಆಸರೆಯಾಗಿರುವ ಕೋಶಗಳನ್ನು ಎಂಬುದನ್ನು ಸಂಶೋಧಕರು 2020ರಲ್ಲೇ ಕಂಡುಕೊಂಡಿದ್ದರು. ಹೊಸದಾಗಿ ಚಿಗುರುವ ನರಗಳು ಮೆದುಳಿನೊಡನೆ ಸರಿಯಾಗಿ ಸೇರಿಕೊಳ್ಳುವವರೆಗೆ ವಾಸನೆ ಅಪಭ್ರಂಶವಾಗಿಯೇ ಕೇಳಿಸುತ್ತದೆಂಬ ವಿವರಣೆಯಿದೆ. ಇದಕ್ಕೆ ಅಭ್ಯಾಸವೇ ಚಿಕಿತ್ಸೆ. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ಗಂಧಗಳನ್ನು ದಿನಕ್ಕೆರಡು ಬಾರಿ 12 ವಾರಗಳ ಕಾಲ ಮೂಸಬೇಕು. ಅಲ್ಲಿ ನಿಂಬೆಯ ಗಂಧಕ್ಕಾಗಿ ಬಳಸಿದ್ದು ಸಿಟ್ರೊನೆಲಾಲ್ ಎಂಬ ವಸ್ತು. ಓಲೆಗರಿಗಳಿಗೆ ಹುಳು ಬೀಳದಂತೆಯೂ ಗರಿ ಒಣಗಿ ಮುರಿಯದಂತೆಯೂ ಹಸ್ತಪ್ರತಿ ಭಂಡಾರಗಳಲ್ಲಿ ಸವರುವ ಸಿಟ್ರೊನೆಲ್ಲಾ ಎಣ್ಣೆಯ ಮುಖ್ಯ ಘಟಕಗಳಲ್ಲಿ ಅದೂ ಒಂದು. ಹಸ್ತಪ್ರತಿಯೊಡನೆ ಕೆಲಸ ಮಾಡಿದವರು ಆ ವಾಸನೆಯನ್ನು ಮರೆಯಲಾರರು. ಅಧ್ಯಾಪಕಿ ನಿಂಬೆಹಣ್ಣಿನ ಬದಲು ಅದೇ ಎಣ್ಣೆಯ ಸೀಸೆಯನ್ನು ಇಟ್ಟುಕೊಂಡರು. ಹನ್ನೆರಡು ವಾರ ಅವರಿಗೆ ಸಾಲಲಿಲ್ಲ.

ಆ ಎಣ್ಣೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ಕಾಯಿಲೆಗೆ ಮೊದಲು ಅವರು ಅಪ್ರಕಟಿತ ಸಾಂಗತ್ಯಕಾವ್ಯವೊಂದರ ಸಂಪಾದನೆಗೆ ತೊಡಗಿ ಆರು ವರ್ಷಗಳಾಗಿದ್ದವು. ನಾಲ್ಕು ಪ್ರತಿಗಳು ದೊರೆತಿದ್ದವು, ಮೂರು ಓಲೆಯವು, ಒಂದು ಕಾಗದದ್ದು. ಪಾಠಾಂತರ ಗುರುತಿಸುವ ಕೆಲಸದ ಜೀವವೇ ಸ್ಮೃತಿ: ಒಂದು ಪ್ರತಿಯ ಸಾಲನ್ನು ನೋಡಿ, ಕಣ್ಣನ್ನು ಮತ್ತೊಂದಕ್ಕೆ ತಿರುಗಿಸುವಷ್ಟು ಹೊತ್ತು ಅದನ್ನು ಮನಸ್ಸಿನಲ್ಲಿ ನಿಲ್ಲಿಸಬೇಕು. ಆ ಎರಡು ಕ್ಷಣದಲ್ಲಿಯೇ ಸಾಲು ಅಳಿಸಿಹೋಗುತ್ತಿತ್ತು. ನಡೆಯಲಾಗದ್ದಕ್ಕಿಂತ, ಉಣ್ಣಲಾಗದ್ದಕ್ಕಿಂತ ಅವರನ್ನು ಹೆದರಿಸಿದ್ದು ಇದು. ಕಾಲೇಜಿನ ಪಾಠವನ್ನು ಟಿಪ್ಪಣಿ ಇಟ್ಟುಕೊಂಡು ಹೇಗೋ ಹೇಳಬಹುದು. ಸಂಪಾದನೆಯಲ್ಲಿ ಹೇಗೋ ಎಂಬುದಿಲ್ಲ. ತಪ್ಪು ಪಾಠವೊಂದು ಅಚ್ಚಾದರೆ ಮುಂದಿನವರು ಅದರ ಮೇಲೆ ವ್ಯಾಕರಣವನ್ನೂ ಕಾಲನಿರ್ಣಯವನ್ನೂ ಕಟ್ಟುತ್ತಾರೆ. 2022ರ ಯುಗಾದಿಯ ಹೊತ್ತಿಗೆ ಟಿಪ್ಪಣಿಗಳ ಕಟ್ಟನ್ನು ಬೇರೊಬ್ಬ ವಿದ್ವಾಂಸರಿಗೆ ಒಪ್ಪಿಸಿಬಿಡುವ ಪತ್ರವನ್ನೂ ಬರೆದಿದ್ದರು, ಅಂಚೆಗೆ ಹಾಕಿರಲಿಲ್ಲ.

ಆಗ ಅವರು ಮತ್ತೆ ಮತ್ತೆ ಓದುತ್ತಿದ್ದದ್ದು ಕಾವ್ಯಭಾಗವನ್ನಲ್ಲ, ಪ್ರತಿಗಳ ಕೊನೆಯ ಗರಿಗಳನ್ನು. ಹಸ್ತಪ್ರತಿಗಳ ಅಂತ್ಯದಲ್ಲಿ ಲಿಪಿಕಾರರು ಬರೆಯುವ ರೂಢಿಯ ಸಂಸ್ಕೃತ ಶ್ಲೋಕಗಳು ಎಲ್ಲ ಸಂಶೋಧಕರಿಗೂ ಪರಿಚಿತ. ಬೆನ್ನು, ಸೊಂಟ, ಕತ್ತು ಮುರಿದುಹೋಗಿವೆ, ದೃಷ್ಟಿ ಕೀಲಿಸಿದೆ, ಮುಖ ತಗ್ಗಿದೆ, ಕಷ್ಟಪಟ್ಟು ಬರೆದುದನ್ನು ಪ್ರಯತ್ನದಿಂದ ಕಾಪಾಡಿರಿ ಎಂಬುದು ಒಂದು. ಮಾತೃಕೆಯಲ್ಲಿ ಹೇಗೆ ಕಂಡಿತೋ ಹಾಗೆ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂಬುದು ಮತ್ತೊಂದು. ಕನ್ನಡ ಲಿಪಿಕಾರರು ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಕೋರುವುದೂ ಉಂಟು. ಸಂಪಾದಕರು ಇವನ್ನು ರೂಢಿಯ ಮಾತುಗಳೆಂದು ದಾಟಿಸಿ ಲಿಪಿಕಾಲವಿದೆಯೇ ಎಂದಷ್ಟೇ ನೋಡುತ್ತಾರೆ. ರೂಢಿಯ ಮಾತೆಂಬುದು ನಿಜ. ಆದರೆ ಸಾವಿರಾರು ಪ್ರತಿಗಳಲ್ಲಿ ಸಾವಿರಾರು ಕೈಗಳು ಅದೇ ಮಾತನ್ನು ಬರೆದದ್ದು ಆ ಬೆನ್ನುಗಳು ನಿಜವಾಗಿಯೂ ನೊಂದಿದ್ದರಿಂದಲೇ ಅಲ್ಲವೇ? ಅವರ ಗ ಪ್ರತಿಯಲ್ಲಿ ಒಂದು ವಿಚಿತ್ರವಿತ್ತು. ಮೂರನೆಯ ಸಂಧಿಯ ನಡುವೆ ಸುಮಾರು 40 ಪದ್ಯಗಳಷ್ಟು ಭಾಗದಲ್ಲಿ ಮಾತ್ರ ತಪ್ಪುಗಳು ಒಮ್ಮೆಲೇ ಹೆಚ್ಚುತ್ತವೆ: ಒಂದೇ ಪ್ರಾಸಾಕ್ಷರದ ಎರಡು ಸಾಲುಗಳಲ್ಲಿ ಕಣ್ಣು ಜಾರಿ ಒಂದು ಬಿಟ್ಟುಹೋಗಿದೆ, ಬರೆದದ್ದನ್ನೇ ಮತ್ತೆ ಬರೆದಿದೆ, ಒತ್ತಕ್ಷರಗಳು ಬಿದ್ದಿವೆ. ಅಕ್ಷರದ ಮೋಡಿ ಬದಲಾಗಿಲ್ಲ, ಆದ್ದರಿಂದ ಕೈ ಬೇರೆಯದಲ್ಲ. ಆ ಭಾಗದ ಮಾತೃಕೆ ಕೆಟ್ಟದಾಗಿತ್ತೆಂದು ಅವರು 2019ರಲ್ಲಿ ಟಿಪ್ಪಣಿ ಬರೆದಿದ್ದರು. ಈಗ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಲಿಪಿಕಾರನಿಗೆ ಹುಷಾರಿರಲಿಲ್ಲವೇ?' ಎಂದು ಸೇರಿಸಿದರು. ಪ್ರಮಾಣವಿಲ್ಲದ ಊಹೆಯಾದ್ದರಿಂದ ಅದು ಅಚ್ಚಿಗೆ ಹೋಗುವುದಿಲ್ಲ. ಆದರೂ ಆ ಪ್ರಶ್ನೆಯಿಂದ ಒಂದು ಪ್ರಯೋಜನವಾಯಿತು. ಆ ಭಾಗದಲ್ಲಿ ಗ ಪ್ರತಿಯನ್ನು ಅಪ್ರಮಾಣವೆಂದು ತಳ್ಳಿಹಾಕುವುದನ್ನು ಬಿಟ್ಟು, ಬಿದ್ದುಹೋದ ಒತ್ತುಗಳನ್ನು ಕೂಡಿಸಿ ಓದಿದಾಗ, ಉಳಿದ ಮೂರರಲ್ಲಿ ಇಲ್ಲದ ಹಳೆಯ ಕ್ರಿಯಾರೂಪಗಳು ಆರು ಕಡೆ ದೊರೆತವು.

ಪತ್ರ ಅಂಚೆಗೆ ಹೋಗಲಿಲ್ಲ. ಒಬ್ಬರು ಓದಿ ಮತ್ತೊಬ್ಬರು ಪ್ರತಿಯನ್ನು ಹಿಡಿದು ನೋಡುವ ಹಳೆಯ ಕ್ರಮಕ್ಕೆ ಅವರು ಮರಳಿದರು. ಎರಡು ಕಣ್ಣು ಎರಡು ಪ್ರತಿಗಳ ನಡುವೆ ಓಡಾಡಬೇಕಾಗಿಲ್ಲ; ಕಿವಿಯಿಂದ ಬಂದದ್ದನ್ನು ಕಣ್ಣೆದುರಿನ ಗರಿಯೊಡನೆ ಹೋಲಿಸಿದರೆ ಸಾಕು. ನೆಟ್‌ವರ್ಕ್ ಹೋಯಿತೇ ಎಂದು ಕೇಳಿದ ವಿದ್ಯಾರ್ಥಿನಿಯೇ ಈಗ ಸಂಶೋಧನೆಗೆ ಸೇರಿದ್ದಾಳೆ, ಪ್ರತಿ ಓದುವವಳು ಅವಳೇ. ಬೆಳಗ್ಗೆ ಏಳರಿಂದ ಎಂಟು, ವಾರಕ್ಕೆ ನಾಲ್ಕು ದಿನ. ಆ ಒಂದು ಗಂಟೆಗೆ 24 ಮಾತ್ರೆಗಳು, ಎಂಟಕ್ಕೆ ಓಲೆಕಟ್ಟು ಮುಚ್ಚುವುದು ಕಡ್ಡಾಯ. ಸಾಲು ಅರ್ಧದಲ್ಲಿದ್ದರೂ ದಾರ ಸುತ್ತುತ್ತಾರೆ. ಕಾಯಿಲೆಯಾದ ಮೇಲಿನ ಆರು ತಿಂಗಳಲ್ಲಿ ಗುರುತಿಸಿದ್ದ ಪಾಠಾಂತರಗಳನ್ನೆಲ್ಲ ಹೊಸದಾಗಿ ನೋಡಲಾಯಿತು, 53ರಲ್ಲಿ 17 ಬದಲಾದವು. ಕಾಫಿ ಈಗ ಕಾಫಿಯೇ. ಓಲೆಯ ಎಣ್ಣೆ ಒಮ್ಮೊಮ್ಮೆ ಮಾತ್ರ ವಾಸನೆ ಕೊಡುತ್ತದೆ, ಅದೂ ಗರಿ ಬಿಚ್ಚಿದ ಮೊದಲ ಕ್ಷಣದಲ್ಲಿ. ಐದನೆಯ ಸಂಧಿ ನಡೆಯುತ್ತಿದೆ, ಒಟ್ಟು ಹನ್ನೆರಡಿವೆ.